ಐದು ಗಂಟೆಯ ಸದ್ದು

ದೇವಕಿಯ ಮೇಲಿನ ಹೊಟ್ಟೆಕಿಚ್ಚು ನನ್ನೊಳಗೆ ಬಂದದ್ದು ಕಿವಿಯ ಮೂಲಕ. ಆಗಿನ್ನೂ ಅವಳ ಮುಖವನ್ನು ಸರಿಯಾಗಿ ನೋಡಿರಲಿಲ್ಲ. ನಮ್ಮ ಬೀದಿಯ ಕೊನೆಯ ಹೆಂಚಿನ ಮನೆಗೆ ಒಬ್ಬ ಹುಡುಗಿ ಅಜ್ಜಿಯ ಜೊತೆ ಬಾಡಿಗೆಗೆ ಬಂದಿದ್ದಾಳೆ, ನನ್ನಷ್ಟೇ ವಯಸ್ಸು, ಹದಿನೇಳೋ ಹದಿನೆಂಟೋ, ರೈಫಲ್ ಹೊಡೆಯುತ್ತಾಳಂತೆ ಎಂದಷ್ಟೇ ಗೊತ್ತಿತ್ತು. ಹೊಡೆದರೆ ಹೊಡೆಯಲಿ ಎಂದುಕೊಂಡಿದ್ದೆ. ಒಂದು ಸಂಜೆ ಆರಕ್ಕೆ ಆ ಮನೆಯಿಂದ ಅವಳ ಗುಂಡಿನ ಸದ್ದು ಶುರುವಾಯಿತು. ಠಪ್. ನಲವತ್ತು ಎಣಿಸುವಷ್ಟು ಬಿಡುವು. ಠಪ್. ಮತ್ತೆ ಅಷ್ಟೇ ಬಿಡುವು, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಅಕ್ಕಿ ಆರಿಸುತ್ತಿದ್ದ ಅಮ್ಮನ ಕೈ ಮೊರದ ಮೇಲೆಯೇ ನಿಂತಿತು.

“ಕೇಳೇ ಮಂಗಳಿ, ಕೇಳು,” ಎಂದಳು. “ಏನು ಹದ ಐತೆ ನೋಡು ಆ ಹುಡುಗೀದು. ಗಡಿಯಾರ ಕಟ್ಕಂಡು ಹೊಡ್ದಂಗೈತೆ. ನಿಂದೂ ಐತೆ, ಒಗ್ಗರಣೆ ಸಿಡ್ದಂಗೆ.”

ನಮ್ಮ ಊರಿನಲ್ಲಿ ಕೋವಿ ಹೊಡೆದಾಗ ಸದ್ದಾಗುವುದಿಲ್ಲ. ರೇಂಜಿನಲ್ಲಿ ಹತ್ತು ಜನ ಸಾಲಾಗಿ ಮಲಗಿ ಗುಂಡು ಹಾರಿಸುತ್ತಿದ್ದರೂ ಬೇಲಿಯ ಮೇಲಿನ ಓತಿಕ್ಯಾತ ಕತ್ತೆತ್ತುವುದಿಲ್ಲ. ಸದ್ದು ಸಂಜೆ ಆರಕ್ಕೆ ಹೊಡೆದವರ ಮನೆಗೆ ಬರುತ್ತದೆ. ಬೆಳಿಗ್ಗೆ ಅರವತ್ತು ಹೊಡೆದಿದ್ದರೆ ಅರವತ್ತೂ ಬರುತ್ತವೆ, ಯಾವ ಅಂತರದಲ್ಲಿ ಹೊಡೆದಿದ್ದೆವೋ ಅದೇ ಅಂತರದಲ್ಲಿ. ಆದ್ದರಿಂದ ಕೋವಿ ಹೊಡೆಯುವ ಮಕ್ಕಳಿರುವ ಮನೆಗಳಲ್ಲಿ ಗಾಜಿನ ಲೋಟ ಇಡುವುದಿಲ್ಲ. ಹಾಲು ಕಾಯಿಸುವುದು, ಮಗು ಮಲಗಿಸುವುದು, ದೂರದ ನೆಂಟರಿಗೆ ಫೋನು ಮಾಡುವುದು ಎಲ್ಲ ಆರರೊಳಗೆ ಮುಗಿಯಬೇಕು. ಬೆಳಿಗ್ಗೆ ರೈಫಲ್ ಮುಟ್ಟಿದವರು ಸಂಜೆ ಆರಕ್ಕೆ ಮನೆಯಲ್ಲಿರಬೇಕೆಂಬುದು ಊರಿನ ಕಾನೂನು. ಮನೆಗೆ ಬಂದ ಸದ್ದಿಗೆ ಮನೆಯಲ್ಲಿ ಜನ ಇರಲಿ ಎಂದು ಹಾಗೆ ಮಾಡಿದ್ದಾರೆ.

ಇದರಿಂದಾಗುವ ದೊಡ್ಡ ಕಷ್ಟವೆಂದರೆ ನಮ್ಮ ಅಭ್ಯಾಸದ ಹಣೆಬರಹ ಇಡೀ ಬೀದಿಗೆ ಗೊತ್ತಾಗುವುದು. ದೇವಕಿ ಬರುವ ಮುಂಚೆ ನಮ್ಮ ಬೀದಿಗೆ ನನ್ನ ಸದ್ದೊಂದೇ ಇತ್ತು. ಐದು ವರ್ಷ ಜನ ಅದನ್ನು ಕೇಳಿ “ಮಂಗಳಿ ಇವತ್ತು ಚೆನ್ನಾಗಿ ಹೊಡ್ದವಳೆ” ಎನ್ನುತ್ತಿದ್ದರು. ಅವಳು ಬಂದ ಮೇಲೆ ಅದೇ ಜನ ಆರಕ್ಕೆ ಕುರ್ಚಿ ಎತ್ತಿಕೊಂಡು ಬೀದಿಯ ಆ ತುದಿಗೆ ನಡೆದರು. ಹೂ ಕಟ್ಟುವವರು ಅವಳ ಸದ್ದಿನ ಲೆಕ್ಕಕ್ಕೆ ಒಂದೊಂದು ಗಂಟು ಹಾಕುತ್ತಿದ್ದರು. ಅವಳ ಅಜ್ಜಿ, ಕಣ್ಣು ಅರ್ಧ ಹೋಗಿದ್ದರೂ ಕಿವಿ ಚುರುಕಾಗಿದ್ದ ಮುದುಕಿ, ಜಗಲಿಯ ಮೇಲೆ ಕೂತು ಗಟ್ಟಿಯಾಗಿ ಎಣಿಸುತ್ತಿದ್ದಳು. ನನ್ನ ಸದ್ದು ಬರುವಾಗ ಅಮ್ಮ ಕಿಟಕಿ ಮುಚ್ಚತೊಡಗಿದಳು. “ಧೂಳು ಬರ್ತದೆ” ಎಂದಳು. ಧೂಳು! ಆ ರಾತ್ರಿ ನಾನು ಊಟ ಬಿಟ್ಟೆ.

ಸದ್ದಿನ ವಿಷಯದಲ್ಲಿ ನನಗೆ ಒಂದು ಗುಟ್ಟು ಗೊತ್ತಿತ್ತು. ಹನ್ನೆರಡು ವರ್ಷದವಳಿದ್ದಾಗ ಒಂದು ಸಂಜೆ ಕೆರೆ ಹಿಂದಿನ ಸೀಬೆ ತೋಟಕ್ಕೆ ಕದಿಯಲು ನುಗ್ಗಿ ಹೊತ್ತು ಮರೆತಿದ್ದೆ. ಆರಾದದ್ದೇ ತಡ, ನನ್ನ ಅಂದಿನ ಇಪ್ಪತ್ತು ಗುಂಡಿನ ಸದ್ದು ಅಲ್ಲೇ, ನನ್ನ ತಲೆಯ ಸುತ್ತಲೇ ಬಂತು. ಗಿಳಿಗಳೆಲ್ಲ ಹಾರಿಹೋದವು. ನಾನು ಕೊಂಬೆಯನ್ನು ತಬ್ಬಿಕೊಂಡು ಇಪ್ಪತ್ತೂ ಮುಗಿಯುವ ತನಕ ನಡುಗಿದೆ. ಮದುವೆಗೆ ಹೋಗಿದ್ದ ಅಮ್ಮ ಬಂದು ಕೇಳಿದಾಗ ಇವತ್ತು ಗುಂಡು ಸಿಗಲಿಲ್ಲ, ಅಭ್ಯಾಸವೇ ಇರಲಿಲ್ಲ ಎಂದೆ. ಸದ್ದು ಬರುವುದು ಮನೆಗಲ್ಲ, ಮನುಷ್ಯರಿಗೆ. ಇದು ಊರಿನಲ್ಲಿ ಇನ್ನೂ ಕೆಲವರಿಗೆ ಗೊತ್ತಿರಬೇಕು. ಆದರೆ ಗೊತ್ತು ಎಂದರೆ ಆರಕ್ಕೆ ಮನೆಯಲ್ಲಿರಲಿಲ್ಲ ಎಂದು ಒಪ್ಪಿಕೊಂಡಂತಾಗುತ್ತದೆ. ಹಾಗಾಗಿ ಯಾರೂ ಬಾಯಿ ಬಿಡುವುದಿಲ್ಲ.

ರೇಂಜಿನಲ್ಲಿ ಇನ್ನೊಂದು ಕಟ್ಟಳೆ ಇತ್ತು, ಗಂಟಿನ ಪಾಳಿ. ಅಭ್ಯಾಸ ಮುಗಿದ ಮೇಲೆ ನಮ್ಮಲ್ಲೇ ಒಬ್ಬರು, ಪಾಳಿಯ ಪ್ರಕಾರ, ಎಲ್ಲ ರೈಫಲ್‌ಗಳ ಬೋಲ್ಟ್ ತೆರೆದು, ಒಳಗೆ ಗುಂಡಿಲ್ಲವೆಂದು ಕಣ್ಣಾರೆ ನೋಡಿ, ಬೋಲ್ಟ್ ಮುಚ್ಚಿ, ನಳಿಗೆಗೆ ಒಂದು ಕೆಂಪು ದಾರ ಕಟ್ಟುತ್ತಿದ್ದೆವು. ದಾರ ಕಟ್ಟಿದರೆ “ನಾನು ನೋಡಿದ್ದೇನೆ, ಖಾಲಿ ಇದೆ” ಎಂದು ಮಾತು ಕೊಟ್ಟ ಹಾಗೆ. ಆ ಗಂಟಿನ ಮೇಲೆ ಇನ್ನೊಬ್ಬರು ಬೋಲ್ಟ್ ತೆರೆದು ನೋಡುತ್ತಿರಲಿಲ್ಲ. ನೋಡಿದರೆ ಗಂಟು ಹಾಕಿದವರನ್ನು ಸುಳ್ಳುಗಾರರೆಂದು ಬೈದ ಹಾಗೆ. ಒಮ್ಮೆ ಹೀಗೆ ನೋಡಿದ್ದಕ್ಕೆ ಎರಡು ಮನೆಗಳ ನಡುವೆ ನಾಲ್ಕು ವರ್ಷ ಮಾತು ನಿಂತಿತ್ತು. ಸೋಮವಾರ ಬೆಳಿಗ್ಗೆ ಮಾತ್ರ ನಮ್ಮ ಕೋಚ್ ಅಚ್ಚಯ್ಯ ಮೇಷ್ಟ್ರು ಎಲ್ಲ ಗಂಟು ಬಿಚ್ಚಿ ತಪಾಸಣೆ ಮಾಡುತ್ತಿದ್ದರು. ಅದು ಯಾರಿಗೂ ಅವಮಾನವಾಗಿರಲಿಲ್ಲ, ಏಕೆಂದರೆ ಅವರು ಮೇಷ್ಟ್ರು.

ಆ ಭಾನುವಾರ ಗಂಟಿನ ಪಾಳಿ ನನ್ನದು. ರಾಜ್ಯ ಮಟ್ಟದ ಕೂಟಕ್ಕೆ ನಮ್ಮ ಊರಿನಿಂದ ಒಬ್ಬಳೇ ಹುಡುಗಿಯನ್ನು ಕಳಿಸುವುದಿತ್ತು, ಅದು ದೇವಕಿಯೇ ಎಂದು ಎಲ್ಲರೂ ಮಾತಾಡಿಕೊಂಡಿದ್ದರು. ಪತ್ರಿಕೆಯ ಫೋಟೋಗ್ರಾಫರ್ ಬಂದ. ನನ್ನನ್ನು ದಾಟಿಕೊಂಡು ಹೋಗುವಾಗ “ಸ್ವಲ್ಪ ಪಕ್ಕಕ್ಕೆ ಬರ್ತೀಯೇನಮ್ಮ, ನೆರಳು ಬೀಳ್ತದೆ” ಎಂದ. ದೇವಕಿ ತನ್ನ ಅರವತ್ತನೆಯ ಗುಂಡು ತುಂಬಿಕೊಂಡು ಗುರಿ ಹಿಡಿದಿದ್ದಳು. ಅವನು ಕೂಗಿದ. ಅವಳು ರೈಫಲ್ಲನ್ನು ಹಾಗೇ ಚಾಪೆಯ ಮೇಲಿಟ್ಟು ಎದ್ದು ಹೋದಳು. ತುಂಬಿದ್ದು ಮರೆತೇಹೋಯಿತು. ಹೊಗಳಿಕೆ ಕೇಳಿಸಿಕೊಳ್ಳುತ್ತ ನಿಂತವರಿಗೆ ಏನು ತಾನೆ ನೆನಪಿರುತ್ತದೆ! ಅಭ್ಯಾಸ ಮುಗಿಯಿತೆಂದು ಮೇಷ್ಟ್ರು ಸೀಟಿ ಊದಿದರು. ನಾನು ಒಂದೊಂದೇ ರೈಫಲ್ ನೋಡುತ್ತ, ದಾರ ಕಟ್ಟುತ್ತ ಬಂದೆ. ಅವಳದರ ಬೋಲ್ಟ್ ತೆರೆದೆ. ಒಳಗೆ ಗುಂಡಿನ ಪುಟ್ಟ ಹಿತ್ತಾಳೆ ತಳ ಹೊಳೆಯುತ್ತಿತ್ತು.

ನಾನು ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ. ಬಹಳ ಹೊತ್ತೇನಲ್ಲ. ತುಂಬಿದ ರೈಫಲ್ ಬಿಟ್ಟು ಹೋದವರಿಗೆ ಇಡೀ ವರ್ಷ ರೇಂಜಿಗೆ ಪ್ರವೇಶವಿಲ್ಲವೆಂಬುದು ನಿಯಮ. ಆಗಲೇ ಕೂಗಿ ಹೇಳಿದ್ದರೆ ಅವಳು ನಾಲಿಗೆ ಕಚ್ಚಿಕೊಂಡು ಓಡಿಬರುತ್ತಿದ್ದಳು, ಮೇಷ್ಟ್ರು ಒಂದು ಮಾತು ಬೈದು ಬಿಟ್ಟುಬಿಡುತ್ತಿದ್ದರು, ಅವಳು ಅವರ ಮುದ್ದಿನವಳಲ್ಲವೇ. ಆದರೆ ನಾಳೆ ಸೋಮವಾರ. ನಾಳೆ ಎಲ್ಲರೆದುರು ಸಿಕ್ಕಿಬೀಳಲಿ. ನಾನು ಬೋಲ್ಟ್ ಮುಚ್ಚಿ ದಾರ ಕಟ್ಟಿದೆ. ಗಂಟು ಬಿಗಿಯಾಗಿ, ಚೆಂದವಾಗಿ ಬಂತು. ಅಷ್ಟರಲ್ಲಿ ದೇವಕಿ ಬಂದು “ಒಂದೇ ಒಂದು ಫೋಟೋ ಅಂತೆ, ಕೊಡೇ” ಎಂದು ಅದನ್ನು ಇಸಿದುಕೊಂಡಳು. ನಳಿಗೆಯನ್ನು ಗಲ್ಲದ ಪಕ್ಕ ಹಿಡಿದು ನಕ್ಕಳು. ನಾನು ನೋಡುತ್ತ ನಿಂತಿದ್ದೆ. ಬಾಯಿ ತೆರೆಯಲಿಲ್ಲ. ಇನ್ನೂ ಒಳ್ಳೆಯದಾಯಿತು, ನಾಳೆ ಕೇಳಿದರೆ ನಾನು ನೋಡಿದಾಗ ಖಾಲಿ ಇತ್ತು, ಆಮೇಲೆ ಫೋಟೋಕ್ಕೆ ಎತ್ತಿಕೊಂಡವಳು ಅವಳೇ ಎನ್ನಬಹುದು ಎಂದು ಕೂಡ ಯೋಚಿಸಿದೆ. ಆಮೇಲೆ ಎಲ್ಲವನ್ನೂ ಒಯ್ದು ಗುರುಸಿದ್ದಣ್ಣನಿಗೆ ಒಪ್ಪಿಸಿದೆ.

ಗುರುಸಿದ್ದಣ್ಣ ಕೋವಿ ಕೋಣೆಯವನು. ಮೂವತ್ತು ವರ್ಷದಿಂದ ಅಲ್ಲಿಯ ರೈಫಲ್‌ಗಳನ್ನು ಒರೆಸಿ, ಎಣ್ಣೆ ಹಾಕಿ, ನಮ್ಮ ತೋಳಿನ ಚರ್ಮದ ಪಟ್ಟಿಗಳನ್ನು ತಾನೇ ಹೊಲಿದು ಕೊಡುತ್ತಿದ್ದ. ಕಪಾಟಿಗೆ ಇಡುವ ಮೊದಲು ಪ್ರತಿ ರೈಫಲ್ಲಿನ ಟ್ರಿಗರ್ ಎಳೆದು ಸ್ಪ್ರಿಂಗ್ ಸಡಿಲಿಸುವುದು ಅವನ ಪದ್ಧತಿ. ಎಡ ಅಂಗೈಯನ್ನು ನಳಿಗೆಯ ಬಾಯಿಗೆ ಒತ್ತಿ ಹಿಡಿಯುತ್ತಿದ್ದ, ಸ್ಪ್ರಿಂಗಿನ ಅದುರು ಕೈಗೆ ತಿಳಿಯಲಿ ಎಂದು. ನಾವೆಲ್ಲ ನೋಡಿದ್ದೆವು, ಮೇಷ್ಟ್ರೂ ನೋಡಿದ್ದರು, ಯಾರೂ ಬೇಡ ಎಂದಿರಲಿಲ್ಲ. ದಾರ ಕಟ್ಟಿದ್ದ ಮೇಲೆ ಭಯವೇನು? ಒಪ್ಪಿಸುವಾಗ ನನ್ನ ತಲೆಯಲ್ಲಿದ್ದದ್ದು ಸೋಮವಾರದ ತಪಾಸಣೆ ಮಾತ್ರ, ಅವನ ಈ ಪದ್ಧತಿ ನೆನಪಿಗೇ ಬರಲಿಲ್ಲ.

ಸದ್ದಾಗಲಿಲ್ಲ. ಆದ್ದರಿಂದ ಯಾರೂ ತಿರುಗಿ ನೋಡಲಿಲ್ಲ. ನಾನು ಹೊರಗೆ ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದೆ. ಗುರುಸಿದ್ದಣ್ಣ ಬಾಗಿಲಿಗೆ ಬಂದು ನಿಂತು, ಎಡಗೈಯನ್ನು ಬಲಗೈಯಿಂದ ಹಿಡಿದುಕೊಂಡು, ಬಹಳ ಮೆಲ್ಲಗೆ “ಮೇಷ್ಟ್ರನ್ನ ಕರೀರವ್ವಾ” ಎಂದ. ಅವನ ಪಂಚೆ ಮೊಣಕಾಲಿನ ತನಕ ಒದ್ದೆಯಾಗಿತ್ತು. ಮೊದಲು ನೀರು ಎಂದುಕೊಂಡೆ.

ಮಧ್ಯಾಹ್ನ ಸಬ್ ಇನ್ಸ್‌ಪೆಕ್ಟರ್ ಶಕುಂತಲಮ್ಮ ಬಂದರು. ಮನುಷ್ಯರಿಗೆ ತಗುಲಿದ ಗುಂಡು ಆರರ ತನಕ ಕಾಯುವುದಿಲ್ಲ. ಅದು ಐದಕ್ಕೇ ಬರುತ್ತದೆ, ಒಂಟಿಯಾಗಿ, ಟ್ರಿಗರ್ ಎಳೆದದ್ದು ಯಾರೇ ಆಗಿರಲಿ, ಯಾರಿಂದ ಹಾಗಾಯಿತೋ ಅವರಿಗೆ. ಮತ್ತು ದಿನಾ ಬರುತ್ತದೆ. ಹಿಂದೊಮ್ಮೆ ಮೊಲದ ಬೇಟೆಯಲ್ಲಿ ಒಬ್ಬ ಹೊಡೆದದ್ದರ ಸದ್ದು ಅವನಿಗೆ ಕುಡಿಸಿ ಕೋವಿ ಕೊಟ್ಟ ಷಡ್ಡಕನ ಮನೆಗೆ ಎರಡು ವರ್ಷ ಬಂದಿತ್ತು. ಶಕುಂತಲಮ್ಮ ನಮ್ಮೆಲ್ಲರ ಹೇಳಿಕೆ ಬರೆದುಕೊಂಡರು. ನನ್ನ ಸರದಿ ಬಂದಾಗ ಒಂದೇ ಪ್ರಶ್ನೆ ಕೇಳಿದರು.

“ದಾರ ಕಟ್ಟೋ ಮುಂಚೆ ಒಳಗೆ ನೋಡಿದ್ಯಾ?”

“ನೋಡಿದ್ದೆ ಮೇಡಂ. ಖಾಲಿ ಇತ್ತು. ಆಮೇಲೆ ಫೋಟೋಕ್ಕೆ ಅಂತ ಅವಳು ಇಸ್ಕಂಡ್ಲು.”

ದೇವಕಿ ಅಲ್ಲೇ ಗೋಡೆಗೆ ಒರಗಿ ಕೂತಿದ್ದಳು. “ನಾನು ತುಂಬಿದ್ದೆ. ಹೊಡ್ದ್ನೋ ಇಲ್ವೋ ನೆನಪಿಲ್ಲ,” ಎಂದಳು. ಅಷ್ಟು ಹೇಳಿದರೆ ಕೇಸು ತಲೆಗೆ ಬರುತ್ತದೆಂದು ಗೊತ್ತಿದ್ದೂ ಹೇಳಿದಳು. ಅದನ್ನು ಕೇಳಿಯೂ ನನಗೆ ಉರಿಯಿತು. ನಿಜ ಹೇಳುವುದರಲ್ಲೂ ನನಗಿಂತ ಮುಂದೆ!

ಶಕುಂತಲಮ್ಮ ನಾಲ್ಕು ಮನೆಗೆ ನಾಲ್ಕು ಪೊಲೀಸರನ್ನು ಕಳಿಸಿದರು. ದೇವಕಿಯ ಮನೆ, ನಮ್ಮ ಮನೆ, ಮೇಷ್ಟ್ರ ಮನೆ, ಗುರುಸಿದ್ದಣ್ಣನ ಮನೆ. ನಮ್ಮ ಮನೆಗೆ ಬಂದ ಪೇದೆಗೆ ಅಮ್ಮ ಕಾಫಿ ಕೊಟ್ಟಳು. ಗಂಟೆ ನಾಲ್ಕೂ ಮುಕ್ಕಾಲಾಯಿತು. ಸೀಬೆ ತೋಟ ನೆನಪಾಯಿತು.

“ದೇವಕಿ ಒಬ್ಬಳೇ ಅಳ್ತಾ ಕೂತಿರ್ತಾಳೆ ಪಾಪ. ಜೊತೇಲಿ ಕೂತು ಬರ್ಲಾ?” ಎಂದು ಪೇದೆಯನ್ನು ಕೇಳಿದೆ.

“ಹೋಗವ್ವ. ಸದ್ದು ಬರೋದು ಮನೆಗಲ್ವಾ, ನಾನಿಲ್ಲೇ ಇರ್ತೀನಿ,” ಎಂದ. ಅಮ್ಮ ನನ್ನ ತಲೆ ಸವರಿ “ನನ್ನ ಮಗಳ ಮನಸ್ಸು ಬಂಗಾರ” ಎಂದಳು.

ನಾನು ದೇವಕಿಯ ಪಕ್ಕ ಚಾಪೆಯ ಮೇಲೆ ಕೂತು ಅವಳ ಕೈ ಹಿಡಿದುಕೊಂಡೆ. ಅಜ್ಜಿ ಕಂಬಕ್ಕೆ ಒರಗಿದ್ದಳು. ಶಕುಂತಲಮ್ಮ ತಾವೇ ಆ ಮನೆಗೆ ಬಂದು ಗಡಿಯಾರ ನೋಡುತ್ತಿದ್ದರು. ಐದಾಯಿತು. ನಮ್ಮಿಬ್ಬರ ತಲೆಯ ಮೇಲೆ ಅದು ಸಿಡಿಯಿತು. ಅಭ್ಯಾಸದ ಸದ್ದಿನ ಹಾಗಿರಲಿಲ್ಲ, ಅದರೊಳಗೆ ಏನೋ ಒದ್ದೆಯಾದದ್ದು ಹರಿದ ಹಾಗಿತ್ತು. ನೆಲುವಿನ ಮೇಲಿನ ಹಿತ್ತಾಳೆ ಪಾತ್ರೆ ಬಿತ್ತು. ದೇವಕಿಯ ಬೆರಳುಗಳು ನನ್ನ ಬೆರಳುಗಳನ್ನು ಹಿಂಡಿದವು. “ನಂದೇ,” ಎಂದಳು. “ನಂದೇ ಮೇಡಂ.” ಆರಕ್ಕೆ ಅವಳ ಅಂದಿನ ಅಭ್ಯಾಸದ ಸದ್ದು ಬಂದಾಗ ಅಜ್ಜಿ ಎಣಿಸಿ ಐವತ್ತೊಂಬತ್ತೇ ಇವೆ ಎಂದಳಂತೆ. ಅರವತ್ತನೆಯದು ಐದಕ್ಕೆ ಬಂದಾಗಿತ್ತು. ಇನ್ನು ಯಾರಿಗೆ ಅನುಮಾನ?

ನಾನು ಆರರೊಳಗೆ ಮನೆಗೆ ಓಡಿಬಂದು ನನ್ನ ಅರವತ್ತನ್ನು ಕೇಳಿಸಿಕೊಂಡು ಕೂತೆ. ಗೆದ್ದೆ ಎಂದುಕೊಂಡೆ. ಮಲಗುವ ಹೊತ್ತಿಗೆ ತಲೆಗೆ ಹೊಳೆಯಿತು, ಅದು ನಾಳೆಯೂ ಬರುತ್ತದೆ.

ಹೀಗೆ ನಾನು ದೇವಕಿಯ ಗೆಳತಿಯಾದೆ. ದಿನಾ ಐದಕ್ಕೆ ಅವಳ ಮನೆ, ಆರಕ್ಕೆ ನಮ್ಮ ಮನೆ. ಬೀದಿಯವರು ಅವಳ ಮನೆಯ ಕಡೆ ಕುರ್ಚಿ ಒಯ್ಯುವುದನ್ನು ಬಿಟ್ಟಿದ್ದರು. ಐದಾಗುತ್ತಿದ್ದಂತೆ ಆ ತುದಿಯ ಬಾಗಿಲುಗಳು ಮುಚ್ಚುತ್ತಿದ್ದವು. ನನ್ನೊಬ್ಬಳ ಚಪ್ಪಲಿ ಅವಳ ಹೊಸ್ತಿಲಲ್ಲಿ ಇರುತ್ತಿತ್ತು. “ಇಂಥಾ ಗೆಳತಿ ಸಿಗಬೇಕಾದ್ರೆ ಪುಣ್ಯ ಮಾಡಿರಬೇಕು” ಎಂದು ಜನ ನನ್ನನ್ನು ಹೊಗಳಿದರು. ಐದು ವರ್ಷ ಬೆವರು ಸುರಿಸಿ ಹೊಡೆದ ಗುಂಡಿಗೆ ಸಿಗದ ಹೊಗಳಿಕೆ!

ದೇವಕಿಯ ಪರವಾನಗಿಯನ್ನು ಕಿತ್ತುಕೊಂಡರು. ನಮ್ಮ ಊರಿನ ಕಾನೂನಿನಲ್ಲಿ ಅದಷ್ಟೇ ಅಲ್ಲ, ಯಾರ ಕೈಗೆ ಏಟಾಯಿತೋ ಅವರ ಕೈಯ ಕೆಲಸವನ್ನು ಹೊಣೆಗಾರರೇ ಮಾಡಬೇಕು. ಗುರುಸಿದ್ದಣ್ಣನ ಎಡಗೈಯ ಎರಡು ಬೆರಳು ಮತ್ತೆ ಮಡಚಲಿಲ್ಲ. ದೇವಕಿ ಬೆಳಿಗ್ಗೆ ಎಂಟಕ್ಕೆ ಕೋವಿ ಕೋಣೆಗೆ ಬಂದು ಎಲ್ಲರ ರೈಫಲ್ ಒರೆಸಿದಳು, ನನ್ನದನ್ನೂ. ನನ್ನದು ಹಿಂದೆಂದೂ ಅಷ್ಟು ಹೊಳೆದಿರಲಿಲ್ಲ. ಗುರುಸಿದ್ದಣ್ಣ ಸ್ಟೂಲಿನ ಮೇಲೆ ಕೂತು ಅವಳಿಗೆ ಚರ್ಮ ಹೊಲಿಯುವುದನ್ನು ಕಲಿಸುತ್ತಿದ್ದ. ಒಂದು ದಿನ ನಾನು ಒಳಗೆ ಕಾಲಿಟ್ಟಾಗ ಇಬ್ಬರೂ ಯಾವುದಕ್ಕೋ ನಗುತ್ತಿದ್ದರು. ಅಂಗೈ ತೂತಾದ ಮನುಷ್ಯ, ಅದಕ್ಕೆ ಕಾರಣವೆಂದು ಊರೆಲ್ಲ ನಂಬಿದ ಹುಡುಗಿ, ಇಬ್ಬರಿಗೂ ಸೇರಿ ನಗುವುದಕ್ಕೆ ಏನಿದೆ? ನನ್ನ ಜೊತೆ ಅವನು ಎಂದೂ ಹಾಗೆ ನಕ್ಕಿರಲಿಲ್ಲ. ನಾನು ನಿಜಕ್ಕೂ ಅವಳ ಶಿಕ್ಷೆಯ ಮೇಲೂ ಕಣ್ಣು ಹಾಕಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಹಾಗೆ.

ಎಂಟನೆಯ ದಿನ ಸಂಜೆ ನಾಲ್ಕಕ್ಕೆ ಮೇಷ್ಟ್ರು ನನ್ನನ್ನು ರೇಂಜಿಗೆ ಕರೆಸಿಕೊಂಡರು. ದೇವಕಿಯ ಜಾಗಕ್ಕೆ ನನ್ನ ಹೆಸರು ಕಳಿಸಿದ್ದಾಗಿ ಹೇಳಿ ಉದ್ದ ಮಾತಾಡಿದರು. ನಾನು ಹಾರಿಕೊಂಡು ಬರುವಷ್ಟರಲ್ಲಿ ಹಿಟ್ಟಿನ ಗಿರಣಿಯ ತಿರುವಿನಲ್ಲೇ ಐದಾಯಿತು. ಸದ್ದು ಅಲ್ಲೇ ಬಂತು. ಗಿರಣಿಯ ಗಲಾಟೆಯಲ್ಲಿ ಯಾರೂ ಗಮನಿಸಲಿಲ್ಲ, ಒಂದು ನಾಯಿ ಮಾತ್ರ ನನ್ನನ್ನು ನೋಡಿ ಬೊಗಳುತ್ತ ಹಿಂದೆ ಸರಿಯಿತು. ನಾನು ದೇವಕಿಯ ಮನೆಗೆ ಹೋದಾಗ ಅವಳು ಕಿಟಕಿಯ ಹತ್ತಿರ ನಿಂತಿದ್ದಳು. ಅಜ್ಜಿ ನನ್ನ ಚಪ್ಪಲಿಯ ಸದ್ದಿನ ಕಡೆ ಕಿವಿ ಕೊಟ್ಟಳು. ದೇವಕಿ ಎರಡು ಲೋಟದಲ್ಲಿ ಚಹಾ ತಂದಿಟ್ಟಳು. “ಇವತ್ತು ತಡ ಆಯ್ತಲ್ಲ,” ಎಂದಳು ಅಷ್ಟೇ. ಗಾಳಿಗೆ ಸದ್ದು ಎಲ್ಲಿಂದ ಬಂದಿತೋ ತಿಳಿದಿರಲಿಕ್ಕಿಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ. ಮರುದಿನದಿಂದ ಅರ್ಧ ಗಂಟೆ ಮುಂಚೆಯೇ ಹೋಗತೊಡಗಿದೆ.

ಒಂದು ತಿಂಗಳಾಯಿತು. ಕೂಟಕ್ಕೆ ಹೊರಡುವ ಬಸ್ಸು ಮಂಗಳವಾರ ಸಂಜೆ ನಾಲ್ಕೂವರೆಗೆ ಎಂದು ಗೊತ್ತಾಯಿತು. ಐದಕ್ಕೆ ನಾನು ಬಸ್ಸಿನೊಳಗೆ, ಮೇಷ್ಟ್ರ ಪಕ್ಕದ ಸೀಟಿನಲ್ಲಿರುತ್ತೇನೆ. ಬೆಳಗಿನ ಬಸ್ಸಿಗೆ ಒಬ್ಬಳೇ ಹೋಗುತ್ತೇನೆಂದು ಕೇಳಿನೋಡಿದೆ. ಜ್ವರವೆಂದು ಮಲಗಿಬಿಡಲೇ ಎಂದು ಯೋಚಿಸಿದೆ. ಮಲಗಿದರೆ ಸೀಟು ಹೋಗುತ್ತದೆ. ಐದು ವರ್ಷದಿಂದ ನಾನು ಕನಸಿನಲ್ಲೂ ಹೊತ್ತು ತಿರುಗಿದ ಸೀಟು ಅದು.

ಸೋಮವಾರ ಐದಕ್ಕೆ ಸದ್ದು ಬಂದು ಹೋದ ಮೇಲೆ ದೇವಕಿ ಲೋಟ ಕೈಗಿತ್ತು ಎದುರಿಗೆ ಕೂತಳು.

“ನಾಳೆ ಐದಕ್ಕೆ ನೀನು ಬಸ್ಸಲ್ಲಿರ್ತೀಯ,” ಎಂದಳು.

“ಹೂಂ.”

“ಹಂಗಾದ್ರೆ ನಾಳೆ ಈ ಮನೇಲಿ ಸದ್ದಿರಲ್ಲ.”

ನಾನು ಚಹಾ ಕುಡಿಯುವ ಹಾಗೆ ಮಾಡಿದೆ. ಲೋಟ ಹಲ್ಲಿಗೆ ತಾಗಿ ಟಣ್ ಎಂದಿತು. ಕಂಬದ ಹತ್ತಿರದಿಂದ ಅಜ್ಜಿ ಹೇಳಿದಳು, “ನಿನ್ನ ಚಪ್ಪಲಿ ಸದ್ದಿನ ಜೊತೆಗೇ ಅದೂ ಬರ್ತದೆ ಕಣವ್ವ. ನನಗೆ ಕಣ್ಣು ತಾನೆ ಮಂಜು?”

“ಯಾವಾಗಿಂದ ಗೊತ್ತು?” ಎಂದೆ.

“ಗಿರಣಿ ಹತ್ರ ತಡ ಆಯ್ತಲ್ಲ, ಅವತ್ತಿಂದ,” ಎಂದಳು ದೇವಕಿ.

“ಮತ್ಯಾಕೆ ಹೇಳ್ಲಿಲ್ಲ?”

ಅವಳು ತನ್ನ ಲೋಟವನ್ನು ಕೆಳಗಿಟ್ಟಳು. “ಗುಂಡು ಬಿಟ್ಟು ಎದ್ದು ಹೋದವಳು ನಾನೇ ಅಲ್ವಾ. ಅದೇನು ಸುಳ್ಳಾ? ನೀನು ಕಣ್ತಪ್ಪಿ ನೋಡದೆ ಗಂಟು ಹಾಕಿರ್ತೀಯ, ಹೇಳಕ್ಕೆ ಹೆದರಿಕೊಂಡಿದ್ದೀಯ, ಇವತ್ತು ಹೇಳ್ತಾಳೆ, ನಾಳೆ ಹೇಳ್ತಾಳೆ ಅಂತ ದಿನಾ ಎರಡು ಲೋಟ ಇಟ್ಟೆ.” ಮತ್ತೆ ತಲೆ ತಗ್ಗಿಸಿದಳು. “ಇನ್ಯಾರೂ ಬರ್ತಿರ್ಲಿಲ್ಲ ಕಣೆ. ನೀನೂ ಬರೋದು ಬಿಟ್ರೆ ಅಂತ ನಾನೂ ಸುಮ್ನಾದೆ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಬಗ್ಗೆ ಅವಳು ಊಹಿಸಿದ್ದು ಕೂಡ ನನಗಿಂತ ಒಳ್ಳೆಯವಳೊಬ್ಬಳನ್ನು. ಕಣ್ತಪ್ಪಿ ನೋಡದೆ ಗಂಟು ಹಾಕಿದವಳು! ಆ ಹುಡುಗಿಯ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ನಾನು ಚಹಾ ಅರ್ಧಕ್ಕೇ ಬಿಟ್ಟು ಎದ್ದು ಬಂದೆ.

ಮರುದಿನ ಅಮ್ಮ ಚಪಾತಿ, ಚಟ್ನಿಪುಡಿ ಕಟ್ಟಿಕೊಟ್ಟು, ಹಣೆಗೆ ಕುಂಕುಮವಿಟ್ಟು ಕಳಿಸಿದಳು. ಹೊತ್ತು ಕಾಲು ಗಂಟೆ ಮೀರಿದ್ದರೂ ಬಸ್ಸು ನಿಂತೇ ಇತ್ತು. ಮೇಷ್ಟ್ರು ಕಿಟಕಿಯಿಂದ ಕೈ ಬೀಸಿದರು. ನಾನು ಚೀಲವನ್ನು ಅವರ ಪಕ್ಕದ ಸೀಟಿನ ಮೇಲಿಟ್ಟೆ. ಕೂರಲು ಮಂಡಿ ಮಡಚಿದೆ. ಡ್ರೈವರ್ ಎಂಜಿನ್ ಶುರುಮಾಡಿದ. ಅಷ್ಟರಲ್ಲಿ ನನ್ನ ಕೈ ಚೀಲವನ್ನು ಮತ್ತೆ ಎತ್ತಿಕೊಂಡಿತ್ತು. “ಮೇಷ್ಟ್ರೇ, ನೀವೂ ಇಳೀರಿ,” ಎಂದೆ. ಅವರು ಏನೇನೋ ಕೂಗಿದರು. ನಾನು ರೇಂಜಿನ ಕಡೆ ಓಡುತ್ತಿದ್ದೆ.

ಕೋವಿ ಕೋಣೆಯಲ್ಲಿ ಗುರುಸಿದ್ದಣ್ಣ ಸ್ಟೂಲಿನ ಮೇಲಿದ್ದ, ದೇವಕಿ ನೆಲದ ಮೇಲೆ ಕೂತು ಪಟ್ಟಿ ಹೊಲಿಯುತ್ತಿದ್ದಳು. ಐದಕ್ಕೆ ಮನೆಯಲ್ಲಿ ಇರದೆ ಅವಳೂ ಇಲ್ಲೇ ಉಳಿದಿದ್ದಳು. ಗೋಡೆಯ ಗಡಿಯಾರದಲ್ಲಿ ಎರಡು ನಿಮಿಷ ಬಾಕಿಯಿತ್ತು. ನಾನು ಏದುಸಿರು ಬಿಡುತ್ತ ಗುರುಸಿದ್ದಣ್ಣನ ಎದುರಿಗೆ ನಿಂತೆ. ಮೇಷ್ಟ್ರು ಬೆನ್ನ ಹಿಂದೆಯೇ ಬಂದು ಬಾಗಿಲಲ್ಲಿ ನಿಂತರು.

“ಬಸ್ಸು ತಪ್ಪಿತೇನವ್ವಾ?” ಎಂದ ಗುರುಸಿದ್ದಣ್ಣ.

“ದೇವಕಿ, ನೀನು ಹೊರಗೆ ಹೋಗು,” ಎಂದೆ. ಅವಳು ನನ್ನ ಮುಖ ನೋಡಿ, ಸೂಜಿಯನ್ನು ಚರ್ಮಕ್ಕೆ ಚುಚ್ಚಿಟ್ಟು, ಎದ್ದು ಅಂಗಳದಾಚೆ ನಲ್ಲಿಯ ತನಕ ಹೋಗಿ ನಿಂತಳು. ಐದಾಯಿತು. ಸದ್ದು ನನ್ನ ಮೇಲೆ ಬಂತು, ಆ ಸಣ್ಣ ಕೋಣೆಯಲ್ಲಿ, ಕಪಾಟಿನ ರೈಫಲ್‌ಗಳೆಲ್ಲ ಒಮ್ಮೆ ಅದುರುವ ಹಾಗೆ. ತನ್ನ ಕೈಯನ್ನು ಸೀಳಿದ ಗುಂಡಿನ ಸದ್ದನ್ನು ಗುರುಸಿದ್ದಣ್ಣ ಅಲ್ಲಿಯ ತನಕ ಕೇಳಿಯೇ ಇರಲಿಲ್ಲ. ಅವನ ಎಡಗೈ ತಾನಾಗಿಯೇ ಎದೆಗೆ ಹೋಯಿತು. ದೂರದಲ್ಲಿ ನಲ್ಲಿಯ ಹತ್ತಿರ ನಿಂತ ದೇವಕಿಯನ್ನು ನೋಡಿದ, ಆಮೇಲೆ ನನ್ನನ್ನು.

ಅವನೂ ಅವಳ ಹಾಗೆಯೇ ಯೋಚಿಸಿದನೆಂದು ಕಾಣುತ್ತದೆ. ಬೈಯುವ ಧ್ವನಿಯಲ್ಲಿರಲಿಲ್ಲ. “ನೋಡಿರಲಿಲ್ವೇನವ್ವಾ?” ಎಂದು ಕೇಳಿದ.

ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕಣ್ತಪ್ಪು. ಹುಡುಗಾಟ. ತಪ್ಪಿಸಿಕೊಳ್ಳುವ ಬಾಗಿಲನ್ನು ಅವನೇ ತೆರೆದು ಹಿಡಿದಿದ್ದ.

“ನೋಡಿದ್ದೆ ಅಣ್ಣಾ,” ಎಂದೆ. “ಗುಂಡಿತ್ತು.”

ಗುರುಸಿದ್ದಣ್ಣ ನನ್ನಿಂದ ಕಣ್ಣು ತೆಗೆದು ತನ್ನ ಅಂಗೈ ನೋಡಿಕೊಂಡ. ಮೇಷ್ಟ್ರು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಹೊರಗೆ ನಲ್ಲಿ ಸೋರುವುದು ಕೇಳಿಸುತ್ತಿತ್ತು.

ಆ ವರ್ಷ ನಮ್ಮ ಊರಿನಿಂದ ಕೂಟಕ್ಕೆ ಯಾರೂ ಹೋಗಲಿಲ್ಲ. ಶಕುಂತಲಮ್ಮ ಹೊಸದಾಗಿ ಹೇಳಿಕೆ ಬರೆದುಕೊಂಡು, “ಸದ್ದು ಒಬ್ಬರ ಹತ್ರ ಹೋಗ್ತದೆ, ಕಾನೂನು ಒಬ್ಬರ ಹತ್ರ ನಿಲ್ಲಲ್ಲ,” ಎಂದು ಎಲ್ಲರಿಗೂ ಒಂದೊಂದು ಪಾಲು ಹಂಚಿದರು. ತುಂಬಿದ್ದನ್ನು ಬಿಟ್ಟು ಎದ್ದ ದೇವಕಿಗೆ ಆ ವರ್ಷ ಮುಗಿಯುವ ತನಕ ರೈಫಲ್ ಇಲ್ಲ. ಅಂಗೈ ಒತ್ತುವುದನ್ನು ಕಂಡೂ ಸುಮ್ಮನಿದ್ದ ಮೇಷ್ಟ್ರಿಗೆ ಎಚ್ಚರಿಕೆ ಪತ್ರ. ನನ್ನ ಮೇಲೆ ಕೇಸು, ಅದು ಇನ್ನೂ ನಡೆಯುತ್ತಿದೆ. ನನ್ನ ಪರವಾನಗಿ ಎಂದಿಗೂ ವಾಪಸು ಬರುವುದಿಲ್ಲ. ಗಂಟಿನ ಪಾಳಿಗೆ ಈಗ ಇಬ್ಬರು, ಒಬ್ಬ ಕಟ್ಟಿದ ಗಂಟನ್ನು ಇನ್ನೊಬ್ಬ ಬಿಚ್ಚಿ ನೋಡಿ, ಮತ್ತೆ ಕಟ್ಟಿ, ಮೇಲೆ ತನ್ನದೊಂದು ಗಂಟು ಹಾಕಲೇಬೇಕು. ಮೊದಮೊದಲು ಜನ ಮುಖ ಊದಿಸಿಕೊಂಡರು, ಈಗ ರೂಢಿಯಾಗಿದೆ.

ಸದ್ದು ದಿನಾ ಐದಕ್ಕೆ ನಮ್ಮ ಮನೆಗೆ ಬರುತ್ತದೆ. ಅಮ್ಮ ಕಿಟಕಿ ಮುಚ್ಚುವುದನ್ನು ನಿಲ್ಲಿಸಿದ್ದಾಳೆ, ನನ್ನ ಜೊತೆ ಹೆಚ್ಚು ಮಾತಾಡುವುದನ್ನು ಕೂಡ. ಎರಡು ಸಲ ದೇವಕಿ ಆ ಹೊತ್ತಿಗೆ ನಮ್ಮ ಮನೆಗೆ ಬಂದು ಕೂತಿದ್ದಳು. ಆಮೇಲೆ ಬರಲಿಲ್ಲ. ನಾನು ಕರೆಯಲೂ ಇಲ್ಲ.

ಬೆಳಿಗ್ಗೆ ಎಂಟಕ್ಕೆ ನಾನು ಗುರುಸಿದ್ದಣ್ಣನ ಎಡಗೈಯಾಗಿ ಕೋವಿ ಕೋಣೆಗೆ ಹೋಗುತ್ತೇನೆ. ಅವನು ಹೇಳಿದ್ದನ್ನು ಮಾಡುತ್ತೇನೆ. ನನ್ನ ಜೊತೆ ಅವನು ನಗುವುದಿಲ್ಲ. ಈ ವರ್ಷ ದೇವಕಿ ಮತ್ತೆ ಹೊಡೆಯುತ್ತಿದ್ದಾಳೆ. ಸಂಜೆ ಆರಕ್ಕೆ ಬೀದಿಯ ಆ ತುದಿಯಿಂದ ಅವಳ ಅರವತ್ತು ಬರುತ್ತವೆ, ಅದೇ ಬಿಡುವು, ಅದೇ ಹದ, ಅಜ್ಜಿಯ ಅದೇ ಎಣಿಕೆ. ಕುರ್ಚಿಗಳು ಮತ್ತೆ ಅಲ್ಲಿಗೆ ಹೋಗಿವೆ. ನನಗೆ ಈಗಲೂ ಹೊಟ್ಟೆ ಉರಿಯುತ್ತದೆ, ಸ್ವಲ್ಪವೂ ಕಡಿಮೆಯಾಗಿಲ್ಲ. ಬೆಳಿಗ್ಗೆ ಅವಳ ರೈಫಲ್ ನನ್ನ ಕೈಗೆ ಬರುತ್ತದೆ, ಎರಡು ಗಂಟು ಬಿದ್ದಿರುತ್ತವೆ. ನಾನು ಎರಡನ್ನೂ ಬಿಚ್ಚಿ, ಬೋಲ್ಟ್ ತೆರೆದು, ಬೆಳಕಿಗೆ ಹಿಡಿದು ನೋಡುತ್ತೇನೆ. ಕಿರುಬೆರಳು ಹಾಕಿ ಮುಟ್ಟಿ ನೋಡುತ್ತೇನೆ. ಆಮೇಲೆ ಗುರುಸಿದ್ದಣ್ಣನ ಮುಂದೆ ಹಿಡಿಯುತ್ತೇನೆ, ಅವನೂ ಬಗ್ಗಿ ನೋಡುತ್ತಾನೆ.